ಮೇನ್‌ಫ್ರೇಮಿನ ಹಳೆಯ ಪ್ರಿಂಟಿಂಗ್ ಸಾಫ್ಟ್‌ವೇರ್ ಬದಲಿಸುವುದು ಹೇಗೆ? ಮೊದಲು ಟ್ರೇ ಹತ್ತಿರ ನಿಲ್ಲಿ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಒಂದು ಕಚೇರಿ. ಲೆಕ್ಕಪತ್ರ ಓಡುವ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಇರುವುದು ಬೆಂಗಳೂರಿನಲ್ಲಿ, ಕಾಗದ ಬಂದು ಬೀಳುವುದು ಇಲ್ಲಿನ ನೆಲಮಾಳಿಗೆಯಲ್ಲಿ. ನಾನು ಹೋದ ಮೊದಲ ದಿನವೇ ಮ್ಯಾನೇಜರ್ ಮೂರು ಕೊಟೇಶನ್ ಮುಂದಿಟ್ಟರು. "ಹಳೇ ಪ್ರಿಂಟಿಂಗ್ ಸಾಫ್ಟ್‌ವೇರಿಗೆ ಸಪೋರ್ಟ್ ನಿಂತೈತ್ರೀ. ಈ ಮೂರ್‍ರಾಗ ಯಾವುದು ತಗೋಬೇಕು, ಅಷ್ಟ ಹೇಳ್ರಿ" ಅಂದರು.

ಕೊಟೇಶನ್ ಹಾಗೇ ಬಿಟ್ಟು ನೆಲಮಾಳಿಗೆಗೆ ಇಳಿದೆ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಕಾಗದ ಹರಿದು, ಜೋಡಿಸಿ, ಕಟ್ಟು ಕಟ್ಟುತ್ತಿದ್ದ ಆಪರೇಟರ್ ಕಾಕಾ ಇದ್ದರು. ದಪ್ಪನೆಯ ಒಂದು ಕಟ್ಟು ತೋರಿಸಿ ಕೇಳಿದೆ.

"ಕಾಕಾ, ಇದನ್ನ ಯಾರ್ ಒಯ್ತಾರ್‍ರೀ?"

"ಯಾರೂ ಒಯ್ಯಂಗಿಲ್ಲೋ ತಮ್ಮಾ. ಶನಿವಾರ ರದ್ದಿಗೆ ಹೋಗ್ತೈತಿ."

ಆ ಕೊಟೇಶನ್‌ಗಳಲ್ಲಿ ದರ ಹಾಕಿದ್ದು ಪುಟಗಳ ಲೆಕ್ಕದಲ್ಲಿ. ಅಂದರೆ ರದ್ದಿಗೆ ಹೋಗುವ ಕಾಗದಕ್ಕೂ ಹೊಸ ಲೈಸೆನ್ಸ್ ದುಡ್ಡು ಕೊಡುವವರಿದ್ದರು. ಇಂಥ ಕೆಲಸ ಸಾಫ್ಟ್‌ವೇರ್ ಆರಿಸುವುದರಿಂದ ಶುರುವಾಗಬಾರದು, ಕಾಗದ ಬಂದು ಬೀಳುವ ಟ್ರೇಯಿಂದ ಶುರುವಾಗಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಇದನ್ನು ಬರೆಯುತ್ತಿರುವುದು ಅಂಥ ಕಚೇರಿಯ ಐಟಿ ಹುಡುಗರಿಗೆ, ಅವರ ಮ್ಯಾನೇಜರುಗಳಿಗೆ. ನಿಮ್ಮಲ್ಲಿರುವುದು ಮೇನ್‌ಫ್ರೇಮ್ ಅಲ್ಲ, 1988ರಲ್ಲಿ ಬಂದ ಐಬಿಎಂನ ಎಎಸ್/400 ಮನೆತನದ ಮೆಷಿನ್ ಆಗಿದ್ದರೂ ಮುಕ್ಕಾಲು ಪಾಲು ಇದೇ ದಾರಿ. ನಮ್ಮ ಕಡೆ ಎರಡಕ್ಕೂ "ದೊಡ್ಡ ಮೆಷಿನ್" ಅಂತಲೇ ಹೆಸರು.

ಮೊದಲು, ಕಾಗದ ಬರುವ ದಾರಿ

ಲೆಕ್ಕಪತ್ರ ಮಾಡುವ, ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ ಬರೆದ ಪ್ರೋಗ್ರಾಂಗೆ ಕಾಗದದ ಸುದ್ದಿಯೇ ಗೊತ್ತಿಲ್ಲ. ಅದು ಸಾಲು ಸಾಲಾಗಿ ಅಕ್ಷರ ಉಗುಳುತ್ತದೆ. ಸಾಮಾನ್ಯವಾಗಿ ಒಂದು ಸಾಲಿಗೆ 132 ಅಕ್ಷರ, ಅದರ ಮುಂದೆ ಕಾಗದ ಎಷ್ಟು ಸರಿಯಬೇಕು ಎಂದು ಹೇಳುವ ಒಂದು ಗುರುತು. ಈ 132, ಐಬಿಎಂನ 1403 ಲೈನ್ ಪ್ರಿಂಟರಿನ ಕಾಲದ ಅಗಲ. ಆ ಪ್ರಿಂಟರ್ ಬಂದದ್ದು 1959ರಲ್ಲಿ. ನಾವು ಇನ್ನೂ ಅದೇ ಅಳತೆಯ ಅಂಗಿ ತೊಡುತ್ತಿದ್ದೇವೆ.

ಆ ಸಾಲುಗಳು ಸ್ಪೂಲ್‌ಗೆ ಹೋಗಿ ಕೂರುತ್ತವೆ. ನೀರು ಬಂದ ದಿನ ಸಿಂಟೆಕ್ಸ್ ತುಂಬಿಸಿಟ್ಟು ಬೇಕಾದಾಗ ನಲ್ಲಿ ತಿರುಗಿಸುತ್ತೇವಲ್ಲ, ಸ್ಪೂಲ್ ಅಂದರೆ ಅದೇ. ಅಲ್ಲಿಂದ ಪ್ರಿಂಟಿಂಗ್ ಸಾಫ್ಟ್‌ವೇರ್ ಸಾಲುಗಳನ್ನು ಎತ್ತಿಕೊಂಡು, ಅಕ್ಷರದ ಗಾತ್ರ ನೋಡಿ, ಕೆಳಗೆ ಫಾರ್ಮಿನ ಚಿತ್ರ ಹಾಸಿ, ಪ್ರಿಂಟರಿಗೆ ಕಳಿಸುತ್ತದೆ. ಐಬಿಎಂ 1984ರಲ್ಲಿ ತಂದ ಎಎಫ್‌ಪಿ ಎಂಬ ಪದ್ಧತಿಯಲ್ಲಿ ಈ ಹಾಸುವ ಚಿತ್ರಕ್ಕೆ ಓವರ್‌ಲೇ ಅಂತ ಹೆಸರು. ಪುಟದ ಮೇಲೆ ಯಾವ ಸಾಲು ಎಲ್ಲಿ ಕೂರಬೇಕು ಎಂದು ಹೇಳುವುದು ಪೇಜ್‌ಡೆಫ್. ಯಾವ ಟ್ರೇ, ಒಂದೇ ಮಗ್ಗುಲೋ ಎರಡೋ ಎಂದು ಹೇಳುವುದು ಫಾರ್ಮ್‌ಡೆಫ್.

ನೀವು ಬದಲಿಸಬೇಕಾದದ್ದು ಈ ನಡುವಿನ ತುಂಡು ಮಾತ್ರ. ಕೋಬಾಲ್ ಮುಟ್ಟಬೇಡಿ. ಅದನ್ನು ಬರೆದವರು ರಿಟೈರ್ ಆಗಿ ಧಾರವಾಡದಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿರುತ್ತಾರೆ.

ಹೆಜ್ಜೆ 1: ಏನೇನು ಪ್ರಿಂಟ್ ಆಗುತ್ತಿದೆ, ಯಾರು ಒಯ್ಯುತ್ತಾರೆ

ಪಟ್ಟಿ ಬಾಯಿಮಾತಿನಿಂದ ಆಗುವುದಿಲ್ಲ. ಮೇನ್‌ಫ್ರೇಮಿನಲ್ಲಿ ಮೆಷಿನ್ ತಾನೇ ಬರೆದಿಡುವ ಎಸ್‌ಎಂಎಫ್ ದಾಖಲೆಗಳು ಇರುತ್ತವೆ. ಅದರಲ್ಲಿ 6ನೇ ಬಗೆ ಪ್ರಿಂಟಿಂಗಿನದು. ಯಾವ ಜಾಬ್, ಎಷ್ಟು ಪುಟ, ಯಾವ ಫಾರ್ಮ್, ಎಲ್ಲ ಸಿಗುತ್ತದೆ. ಒಂದು ತಿಂಗಳದ್ದು ತೆಗೆದು ಸಾಕೆನ್ನಬೇಡಿ. ಮಾರ್ಚ್ 31ಕ್ಕೆ ಮಾತ್ರ ಓಡುವ ರಿಪೋರ್ಟುಗಳು ಇರುತ್ತವೆ. ಹದಿಮೂರು ತಿಂಗಳ ದಾಖಲೆ ತೆಗೆಸಿ.

ಆಮೇಲೆ ಒಂದು ವಾರ ಟ್ರೇ ಹತ್ತಿರ ಕೂರಿ. ಪ್ರತಿ ಕಟ್ಟಿನ ಮುಂದೆ ಬರೆಯಿರಿ: ಯಾರು ಒಯ್ದರು, ಒಯ್ದು ಏನು ಮಾಡುತ್ತಾರೆ. ಸಹಿ ಹಾಕಿ ಫೈಲಿಗೆ ಸೇರಿಸುತ್ತಾರಾ? ಗ್ರಾಹಕರಿಗೆ ಅಂಚೆಗೆ ಹಾಕುತ್ತಾರಾ? ಇಲ್ಲಾ, ಅದರಲ್ಲಿನ ಒಂದೇ ಒಂದು ಮೊತ್ತ ನೋಡಿ ಎಕ್ಸೆಲ್‌ನಲ್ಲಿ ಮತ್ತೆ ಟೈಪ್ ಮಾಡುತ್ತಾರಾ? ಈ ಕೊನೆಯ ಬಗೆ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರುತ್ತದೆ. ಅವರಿಗೆ ಕಾಗದ ಬೇಡ, ಫೈಲ್ ಬೇಕು.

ಯಾರೂ ಒಯ್ಯದ ರಿಪೋರ್ಟನ್ನು ತಕ್ಷಣ ನಿಲ್ಲಿಸಬೇಡಿ. ಸ್ಪೂಲ್‌ನಲ್ಲಿ ಹೋಲ್ಡ್ ಮಾಡಿ ಇಡಿ. ಕೇಳಿಕೊಂಡು ಯಾರಾದರೂ ಬಂದರೆ ಎರಡು ನಿಮಿಷದಲ್ಲಿ ಬಿಡಬಹುದು. ತಿಂಗಳು ಕಳೆದರೂ ಯಾರೂ ಬರಲಿಲ್ಲವೆಂದರೆ, ಆ ವಿಭಾಗದ ಮುಖ್ಯಸ್ಥರಿಂದ ಒಂದು ಸಾಲಿನ ಮೇಲ್ ತರಿಸಿಕೊಂಡು ಪಟ್ಟಿಯಿಂದ ತೆಗೆಯಿರಿ. ಬಾಯಲ್ಲಿ "ಹೂಂ, ತೆಗೀರಿ" ಅಂದವರು ಆರು ತಿಂಗಳ ಮೇಲೆ "ನಾ ಯಾವಾಗ ಅಂದೆ?" ಅನ್ನುತ್ತಾರೆ.

ಗೋಕುಲ ರೋಡಿನ ಆ ಕಚೇರಿಯಲ್ಲಿ 212 ರಿಪೋರ್ಟ್ ಇದ್ದವು. ಹೊಸ ಸಾಫ್ಟ್‌ವೇರಿಗೆ ಹೋದದ್ದು 90. ಕೊಟೇಶನ್ ತಾನಾಗಿ ಇಳಿಯಿತು.

ಹೆಜ್ಜೆ 2: ಕಚ್ಚಾ ಫೈಲನ್ನು ಕಣ್ಣಾರೆ ನೋಡಿ

ಈ ಹೆಜ್ಜೆ ಬಿಟ್ಟವರೇ ಜಾಸ್ತಿ. ಆಮೇಲೆ ಪೇಚಾಡುವವರೂ ಅವರೇ.

ಸ್ಪೂಲ್‌ನಿಂದ ಒಂದು ಫೈಲನ್ನು ಪಿಸಿಗೆ ತನ್ನಿ. ಬೈನರಿ ಮೋಡ್‌ನಲ್ಲೇ ತನ್ನಿ. ದೊಡ್ಡ ಮೆಷಿನ್ ಅಕ್ಷರಗಳನ್ನು ಎಬ್ಸಿಡಿಕ್‌ನಲ್ಲಿ ಇಡುತ್ತದೆ, ನಮ್ಮ ಪಿಸಿ ಆಸ್ಕಿಯಲ್ಲಿ. ಟೆಕ್ಸ್ಟ್ ಮೋಡ್‌ನಲ್ಲಿ ತಂದರೆ ದಾರಿಯಲ್ಲೇ ತರ್ಜುಮೆ ಆಗಿಬಿಡುತ್ತದೆ. ಬರೀ ಸಾಲುಗಳ ಫೈಲಾದರೆ ನಡೆದೀತು, ಎಎಫ್‌ಪಿ ಫೈಲಾದರೆ ಕೆಟ್ಟೇ ಹೋಯಿತು. ದಾಖಲೆಯ ಉದ್ದ ಹೇಳುವ ಬೈಟುಗಳೂ ಅಕ್ಷರವೆಂದೇ ತಿಳಿದು ಬದಲಾಗುತ್ತವೆ. ಗುರುತು ಸುಲಭ: ಕೆಡದ ಎಎಫ್‌ಪಿ ಫೈಲಿನ ಪ್ರತಿ ದಾಖಲೆ ಹೆಕ್ಸ್‌ನಲ್ಲಿ 5ಎ ಎಂಬ ಬೈಟಿನಿಂದ ಶುರುವಾಗುತ್ತದೆ.

ಸಾಲುಗಳ ಫೈಲಾದರೆ ಮೊದಲ ಅಕ್ಷರದ ಮೇಲೆ ಕಣ್ಣಿಡಿ. "1" ಅಂದರೆ ಹೊಸ ಪುಟ. ಖಾಲಿ ಇದ್ದರೆ ಒಂದು ಸಾಲು ಕೆಳಗೆ, "0" ಎರಡು ಸಾಲು, "-" ಮೂರು ಸಾಲು. "+" ಇದ್ದರೆ ಕಾಗದ ಸರಿಯಲೇಬಾರದು, ಹಿಂದಿನ ಸಾಲಿನ ಮೇಲೆಯೇ ಮತ್ತೆ ಹೊಡೆಯಬೇಕು. ಹಳೆಯ ಕಾಲದಲ್ಲಿ ಅಕ್ಷರ ದಪ್ಪ ಮಾಡುತ್ತಿದ್ದುದು ಹೀಗೇ. ಒಂದೇ ಮೊತ್ತ, ಒಂದೇ ಜಾಗ, ಎರಡು ಸಲ ಹೊಡೆತ.

ಈ "+" ನನ್ನನ್ನು ಒಮ್ಮೆ ಚೆನ್ನಾಗಿ ಸತಾಯಿಸಿದೆ. ಫೈಲನ್ನು ಹೊಸ ರೂಪಕ್ಕೆ ಬದಲಿಸುವ ಪರಿವರ್ತಕ ಸಾಫ್ಟ್‌ವೇರ್ ಅದನ್ನು ಗುರುತಿಸದೆ ಮಾಮೂಲಿ ಸಾಲಿನಂತೆ ಕೆಳಗೆ ಹಾಕಿತು. ಪ್ರತಿ ಖಾತೆಯ ಒಟ್ಟು ಮೊತ್ತ ಎರಡು ಸಲ, ಒಂದರ ಕೆಳಗೊಂದು. ಸಾಲು ಹೆಚ್ಚಾಗಿ ಪುಟ ತುಂಬಿ ತುಳುಕಿ, ಎರಡು ಪುಟಕ್ಕೊಮ್ಮೆ ಒಂದೇ ಸಾಲಿನ ಒಂಟಿ ಪುಟ. ನಾನು ನೋಡಿದ್ದ ಮಾದರಿಯಲ್ಲಿ "+" ಇರಲೇ ಇಲ್ಲ. ಅದು ಬರುತ್ತಿದ್ದುದು ತಿಂಗಳ ಕೊನೆಯ ಲೆಡ್ಜರಿನಲ್ಲಿ ಮಾತ್ರ. ಹಿಡಿದದ್ದು ಆಡಿಟರ್. ಆ ದಿನ ಊಟ ಇಳಿಯಲಿಲ್ಲ.

ಇನ್ನೊಂದು ಕಳ್ಳ ಇದೆ. ಕೆಲವು ಫೈಲುಗಳಲ್ಲಿ ಎರಡನೆಯ ಅಕ್ಷರವೂ ಡೇಟಾ ಅಲ್ಲ, ಯಾವ ಫಾಂಟ್ ಬಳಸಬೇಕು ಎನ್ನುವ ಅಂಕಿ. ಅದನ್ನು ಡೇಟಾ ಅಂದುಕೊಂಡರೆ ಇಡೀ ಪುಟ ಒಂದು ಕಾಲಂ ಬಲಕ್ಕೆ ಸರಿಯುತ್ತದೆ, ಸಾಲಿನ ಮೊದಲಿಗೆ ಅರ್ಥವಿಲ್ಲದ 0, 1 ಕಾಣುತ್ತದೆ. ಜಾಬ್ ಓಡಿಸುವ ಆದೇಶಗಳಾದ ಜೆಸಿಎಲ್‌ನಲ್ಲಿ ಆಪ್ಟ್‌ಕೋಡ್ (OPTCD) ಎದುರು ಜೆ ಅಂತ ಇದೆಯಾ ನೋಡಿ. ಇದ್ದರೆ ಇದೇ ಕತೆ.

ಹೆಜ್ಜೆ 3: ಕಾಗದದ ಲೆಕ್ಕ

ಸ್ಕೇಲ್ ತಗೊಳ್ಳಿ. ಹಳೆಯ ತೂತಿನ ಕಾಗದ ನಮ್ಮಲ್ಲಿ ಸಾಮಾನ್ಯವಾಗಿ 15 ಇಂಚು ಅಗಲ, 12 ಇಂಚು ಎತ್ತರ. ಇಂಚಿಗೆ 6 ಸಾಲಿನಂತೆ ಒಂದು ಪುಟಕ್ಕೆ 72 ಸಾಲು. ಇಂಚಿಗೆ 10 ಅಕ್ಷರದಂತೆ 132 ಅಕ್ಷರಕ್ಕೆ 13.2 ಇಂಚು. ಈಗ ಎ4 ಅಳೆಯಿರಿ: 8.27 ಇಂಚು ಅಗಲ, 11.69 ಇಂಚು ಎತ್ತರ. ಅಗಲ ಬಿಡಿ, ಎತ್ತರವೂ ಸಾಲದು.

ಕಾಗದ ಅಡ್ಡ ಹಾಕಿ ಇಂಚಿಗೆ 15 ಅಕ್ಷರ ಮಾಡಿದರೆ 132 ಅಕ್ಷರ 8.8 ಇಂಚಿನಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಎತ್ತರ 8.27 ಇಂಚೇ ಉಳಿಯಿತು. ಇಂಚಿಗೆ 8 ಸಾಲು ಹಾಕಿದರೂ 72 ಸಾಲಿಗೆ 9 ಇಂಚು ಬೇಕು. ಆಗುವುದಿಲ್ಲ. ಹಾಗಂತ ಗಾಬರಿ ಬೇಡ, ಪ್ರೋಗ್ರಾಂ ನಿಜವಾಗಿ ಎಷ್ಟು ಸಾಲು ಬರೆಯುತ್ತದೆ ಎಂದು ಎಣಿಸಿ. ಬಹಳಷ್ಟು ರಿಪೋರ್ಟುಗಳು 60ಕ್ಕೇ ಪುಟ ತಿರುವುತ್ತವೆ, ಉಳಿದದ್ದು ಖಾಲಿ ಅಂಚು. 60 ಸಾಲಿಗೆ 7.5 ಇಂಚು ಸಾಕು. ನಿಜವಾಗಿಯೂ 72 ಸಾಲು ತುಂಬುವ ರಿಪೋರ್ಟ್ ಇದ್ದರೆ ಅದಕ್ಕೆ ಎ3 ಇಡಿ, ಇಲ್ಲಾ ಪ್ರಿಂಟ್ ಬಿಟ್ಟು ಪಿಡಿಎಫ್‌ನಲ್ಲೇ ನೋಡಲಿ.

ಹಾಗೆ ಕುಗ್ಗಿಸಿದ ಪುಟವನ್ನು ರಿಪೋರ್ಟ್ ಓದುವ ಹಿರಿಯ ಗುಮಾಸ್ತರ ಕೈಗೆ ಕೊಟ್ಟು ನೋಡಿ. ಕನ್ನಡಕ ಹಣೆಗೇರಿಸಿ ಕಾಗದ ಮೂಗಿನ ಹತ್ತಿರ ತಂದರೆ, ಅಕ್ಷರ ದೊಡ್ಡದು ಮಾಡಿ.

ಹೆಜ್ಜೆ 4: ಓವರ್‌ಲೇ ಒಳಗೆ ಏನು ಕೂತಿದೆ

ಹಳೆಯ ಫಾರ್ಮುಗಳಲ್ಲಿ ಚಿತ್ರ ಮಾತ್ರ ಇರುವುದಿಲ್ಲ. ಹಳೆಯ ವಿಳಾಸ, ಹಳೆಯ ಲೋಗೋ, ಯಾರೋ ಹಿಂದಿನ ಮ್ಯಾನೇಜರರ ಸಹಿಯ ಚಿತ್ರವೂ ಇರುತ್ತದೆ. ಪ್ರತಿಯೊಂದನ್ನೂ ತೆರೆದು ನೋಡಿ. ಕೆಲವು ಕಚೇರಿಗಳಲ್ಲಿ ಓವರ್‌ಲೇ ಇಲ್ಲವೇ ಇಲ್ಲ, ಗದಗಿನ ಪ್ರೆಸ್‌ನಲ್ಲಿ ಅಚ್ಚು ಹಾಕಿಸಿದ ಕಾಗದವೇ ಫಾರ್ಮು. ಆಗ ಖಾಲಿ ಹಾಳೆ ಸ್ಕ್ಯಾನ್ ಮಾಡಿ, ಅಳೆದು, ಹೊಸದಾಗಿ ಬರೆಯಬೇಕು.

ಊರಿನ ಹೆಸರಿನದು ಒಂದು ತಮಾಷೆ. 2014ರ ನವೆಂಬರ್ 1ರಂದು ಸರ್ಕಾರ ಊರುಗಳ ಇಂಗ್ಲಿಷ್ ಹೆಸರು ಬದಲಿಸಿತು. ಇಂಗ್ಲಿಷಿನಲ್ಲಿ ಐದಕ್ಷರವಿದ್ದ ನಮ್ಮೂರು ಎಂಟಕ್ಷರವಾಯಿತು. ಶಾಖೆಯ ಹೆಸರಿಗೆ ಆರು ಕಾಲಂ ಬಿಟ್ಟಿದ್ದ ಒಂದು ರಿಪೋರ್ಟಿನಲ್ಲಿ ನಮ್ಮೂರು ಇವತ್ತಿಗೂ "ಹುಬ್ಬಲ್" ಆಗಿಯೇ ನಿಲ್ಲುತ್ತದೆ. ಹೊಸ ಸಾಫ್ಟ್‌ವೇರಿನಲ್ಲಿ ಶಾಖೆಯ ಕೋಡ್ ನೋಡಿ ಪೂರ್ತಿ ಹೆಸರು ಹಾಕಿಸಬಹುದು, ಕೋಬಾಲ್ ಮುಟ್ಟದೆ.

ರೂಪಾಯಿ ಚಿಹ್ನೆಯೂ ಹಾಗೆಯೇ. ₹ ಬಂದದ್ದು 2010ರಲ್ಲಿ, ಹಳೆಯ ಎಬ್ಸಿಡಿಕ್ ಪಟ್ಟಿಗಳಲ್ಲಿ ಅದಕ್ಕೆ ಜಾಗವಿಲ್ಲ. ಡೇಟಾದಲ್ಲಿ ತುರುಕಲು ಹೋಗಬೇಡಿ, ಫಾರ್ಮಿನಲ್ಲಿ ಹಾಕಿ.

ಇನ್‌ವಾಯ್ಸ್ ಪ್ರಿಂಟ್ ಮಾಡುವವರಿಗೆ ಇನ್ನೊಂದು ಮಾತು. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟು ಇರುವವರ ಬಿ2ಬಿ (ವ್ಯಾಪಾರಿಯಿಂದ ವ್ಯಾಪಾರಿಗೆ) ಬಿಲ್ಲಿಗೆ ಇ-ಇನ್‌ವಾಯ್ಸ್ ಬೇಕು. ಅಂದರೆ ಬಿಲ್ಲಿನ ವಿವರ ಮೊದಲು ಸರ್ಕಾರಿ ಪೋರ್ಟಲಿಗೆ ಹೋಗಿ, 64 ಅಕ್ಷರದ ಐಆರ್‌ಎನ್ ಎಂಬ ಗುರುತಿನ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಪಡೆದು ಬರಬೇಕು. ಹಳೆಯ ಪದ್ಧತಿಯಲ್ಲಿ ಬಿಲ್ ಸ್ಪೂಲ್‌ಗೆ ಬಂತು, ಪ್ರಿಂಟ್ ಆಯಿತು. ಈಗ ನಡುವೆ ಉತ್ತರಕ್ಕೆ ಕಾಯಬೇಕು. ಹೊಸ ಸಾಫ್ಟ್‌ವೇರಿಗೆ ಬಿಲ್ಲನ್ನು ತಡೆದು ನಿಲ್ಲಿಸಿ, ಉತ್ತರ ಬಂದ ಮೇಲೆ ಕ್ಯೂಆರ್ ಕೂಡಿಸಿ, ಆಮೇಲೆ ಬಿಡುವುದು ಗೊತ್ತಿರಬೇಕು. ನಮ್ಮಲ್ಲಿ ಹಳೆಯದನ್ನು ಕೈಬಿಡಲು ಇದೂ ಒಂದು ದೊಡ್ಡ ಕಾರಣವಾಗಿತ್ತು.

ಹೆಜ್ಜೆ 5: ಕನ್ನಡ

ಡೆಮೊ ನೋಡುವಾಗ ಎಲ್ಲರೂ "ಕನ್ನಡ ಬರುತ್ತೆ ಸಾರ್" ಅನ್ನುತ್ತಾರೆ. ಬರುತ್ತದೆ, ಆದರೆ ಹೇಗೆ ಬರುತ್ತದೆ? ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಇರುವುದು ಒಂದು ಮಾತು. ಒತ್ತಕ್ಷರ ಕೆಳಗೆ ಕೂತು, ಅರ್ಕಾವತ್ತು ಬಲಕ್ಕೆ ಹೋಗಿ, ಗುಣಿತ ಸರಿಯಾಗಿ ಅಂಟುವುದು ಇನ್ನೊಂದು ಮಾತು. ಅದಕ್ಕೆ ಅಕ್ಷರ ಜೋಡಿಸುವ ಎಂಜಿನ್ ಸಾಫ್ಟ್‌ವೇರಿನೊಳಗೇ ಇರಬೇಕು. ಇಲ್ಲದಿದ್ದರೆ "ಧರ್ಮ" ಹೋಗಿ "ಧರ್‌ಮ" ಆಗುತ್ತದೆ.

ನಾನು ಒಂದು ಚೀಟಿ ಇಟ್ಟುಕೊಂಡಿರುತ್ತೇನೆ. ಅದರಲ್ಲಿ ಈ ಶಬ್ದಗಳು: ಸ್ತ್ರೀ, ರಾಷ್ಟ್ರೀಯ, ಲಕ್ಷ್ಮೇಶ್ವರ, ಅರ್ಜಿದಾರರು, ಕೃಷ್ಣಾ, ಜ್ಞಾನೇಶ, ರಾಣೇಬೆನ್ನೂರು. ಡೆಮೊ ಕೊಡಲು ಬಂದವರಿಗೆ ಚಹಾ ಕೊಟ್ಟು, ಚೀಟಿಯನ್ನೂ ಕೊಟ್ಟು, "ಇದನ್ನೊಂದು ಪ್ರಿಂಟ್ ತೆಗೀರಿ" ಅನ್ನುತ್ತೇನೆ. ಹತ್ತು ನಿಮಿಷದಲ್ಲಿ ಬಂಡವಾಳ ಗೊತ್ತಾಗುತ್ತದೆ.

ಕಾಗದದ ಮೇಲೆ ಸರಿ ಬಂತು ಅಂತ ಬಿಡಬೇಡಿ. ಪಿಡಿಎಫ್ ತೆರೆದು ಆ ಶಬ್ದ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ. ಕಸ ಬಿದ್ದರೆ ನಾಳೆ ಹೆಸರು ಹಾಕಿ ಹುಡುಕಿದಾಗ ಏನೂ ಸಿಗುವುದಿಲ್ಲ. ಹಾಗೇ ಫಾಂಟ್ ಪಿಡಿಎಫ್ ಒಳಗೇ ಸೇರಿರಬೇಕು. ಸರ್ವರಿನಲ್ಲಿ ಒಂದು ಫಾಂಟ್, ಶಾಖೆಯ ಪಿಸಿಯಲ್ಲಿ ಇನ್ನೊಂದು ಇದ್ದರೆ ಸಾಲು ಜಾರುತ್ತದೆ.

ಹಳೆಯ ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ ಮಾಡಿಸಿದ ಫಾರ್ಮುಗಳಿದ್ದರೆ ಯೂನಿಕೋಡ್‌ಗೆ ಬದಲಿಸಿ, ಕನ್ನಡ ಓದುವ ಒಬ್ಬರನ್ನು ಕೂರಿಸಿ ಸಾಲು ಸಾಲು ಓದಿಸಿ. ಪರಿವರ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ.

ಹೆಜ್ಜೆ 6: ಈಗ ಆರಿಸಿ

ಇಷ್ಟೊತ್ತಿಗೆ ನಿಮಗೆ ಏನು ಬೇಕು ಎನ್ನುವುದು ಅರ್ಧ ಗೊತ್ತಾಗಿರುತ್ತದೆ. ದಾರಿ ಮೂರು. ಹಳೆಯ ಎಎಫ್‌ಪಿಯನ್ನೇ ಉಳಿಸಿಕೊಂಡು ಅದನ್ನು ಓದುವ ಹೊಸ ಸಾಫ್ಟ್‌ವೇರ್ ಹಾಕುವುದು. ಎಲ್ಲವನ್ನೂ ಪಿಡಿಎಫ್ ಮಾಡಿ ಸಾಮಾನ್ಯ ಲೇಸರ್ ಪ್ರಿಂಟರಿಗೆ ಕಳಿಸುವುದು. ಇಲ್ಲಾ ಕಚ್ಚಾ ಡೇಟಾ ಎತ್ತಿಕೊಂಡು ಫಾರ್ಮುಗಳನ್ನು ಹೊಸದಾಗಿ ಕಟ್ಟುವುದು. ಮೂರನೆಯದು ನೋಡಲು ಚಂದ, ಖರ್ಚು ಮತ್ತು ಕಾಲ ಎರಡೂ ಜಾಸ್ತಿ. ಗ್ರಾಹಕರ ಕೈಗೆ ಹೋಗುವ ಹತ್ತಿಪ್ಪತ್ತು ಪತ್ರಗಳಿಗೆ ಮೂರನೆಯದು, ಒಳಗಿನ ರಿಪೋರ್ಟುಗಳಿಗೆ ಎರಡನೆಯದು. ನನ್ನ ಮಟ್ಟಿಗೆ ನಮ್ಮ ಊರುಗಳ ಅಳತೆಗೆ ಇದು ಸರಿ ಹೊಂದುತ್ತದೆ.

ಚೆಕ್ ಅಥವಾ ನಂಬರ್ ಹಾಕಿದ ರಸೀದಿ ಪ್ರಿಂಟ್ ಮಾಡುವವರು ಒಂದು ಕಡೆ ನಿಂತು ಯೋಚಿಸಿ. ದೊಡ್ಡ ಪ್ರಿಂಟರುಗಳು ಮೆಷಿನ್ ಜೊತೆ ಮಾತಾಡಲು ಬಳಸುವ ಐಪಿಡಿಎಸ್ ಪದ್ಧತಿಯಲ್ಲಿ ಪ್ರಿಂಟರ್ ಪುಟ ಪುಟಕ್ಕೂ "ಆಯಿತು" ಅಂತ ವಾಪಸ್ ಹೇಳುತ್ತದೆ. 437ನೇ ಪುಟದಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಅಲ್ಲಿಂದಲೇ ಮತ್ತೆ ಶುರು. ನೆಟ್‌ವರ್ಕ್ ಪ್ರಿಂಟರಿನ 9100 ಪೋರ್ಟಿಗೆ ಸುಮ್ನೆ ಫೈಲ್ ಸುರಿದರೆ ಈ ಭರವಸೆ ಸಿಗುವುದಿಲ್ಲ. ಒಂದೇ ನಂಬರಿನ ಎರಡು ರಸೀದಿ ಹೊರಗೆ ಬಂದರೆ ಉತ್ತರ ಕೊಡುವವರು ನೀವು. ಡೆಮೊದಲ್ಲಿ ನಡುವೆಯೇ ಟ್ರೇ ಎಳೆದು ನೋಡಿ. ಕರೆಂಟೂ ತೆಗೆದು ನೋಡಿ, ನಮ್ಮ ಕಡೆ ಅದು ಹೇಗೂ ಹೋಗುತ್ತದೆ.

ಮಾರುವವರಿಗೆ ಅವರದೇ ಚಂದದ ಮಾದರಿ ತೋರಿಸಲು ಬಿಡಬೇಡಿ. ನಿಮ್ಮಲ್ಲಿನ ಅತಿ ಕೆಟ್ಟ ಐದು ಫೈಲು ಕೊಡಿ, "+" ಇರುವುದನ್ನೂ ಸೇರಿಸಿ. ಗ್ರಾಹಕರ ಹೆಸರು, ಖಾತೆ ನಂಬರ್ ಅಳಿಸಿ ಕೊಡಿ.

ಮತ್ತೆ, ಎಲ್ಲವನ್ನೂ ಬದಲಿಸಲೇಬೇಕು ಅಂತ ಇಲ್ಲ. ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಗೇಟ್‌ಪಾಸಿಗೆ ಮೂರು ಕಾರ್ಬನ್ ಪ್ರತಿ ಬೇಕು: ಒಂದು ಲಾರಿಗೆ, ಒಂದು ಗೇಟಿಗೆ, ಒಂದು ಕಚೇರಿಗೆ. ಲೇಸರ್ ಪ್ರಿಂಟರ್ ಕಾರ್ಬನ್ ಒತ್ತುವುದಿಲ್ಲ, ಆ ಖಾರದ ಧೂಳಿನಲ್ಲಿ ಬಾಳುವುದೂ ಇಲ್ಲ. ಅಲ್ಲಿ ಡಾಟ್ ಮ್ಯಾಟ್ರಿಕ್ಸ್ ಹಾಗೇ ಬಿಟ್ಟೆವು.

ಹೆಜ್ಜೆ 7: ಎರಡೂ ಜೊತೆಗೆ ಓಡಿಸಿ

ಕಡಿಮೆ ಅಂದರೂ ಒಂದು ತಿಂಗಳ ಕೊನೆ ದಾಟುವವರೆಗೆ ಹಳೆಯದು, ಹೊಸದು ಎರಡೂ ಓಡಲಿ. ಮೊದಲು ಪುಟಗಳ ಸಂಖ್ಯೆ ಹೋಲಿಸಿ. ಆಮೇಲೆ ಹೊಸ ಪಿಡಿಎಫ್‌ನಿಂದ ಅಕ್ಷರ ಹೊರತೆಗೆದು ಸ್ಪೂಲ್‌ನ ಸಾಲುಗಳ ಜೊತೆ ಸಾಲಿಗೆ ಸಾಲು ತಾಳೆ ನೋಡುವ ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಸಾವಿರಾರು ಪುಟ ಕಣ್ಣಲ್ಲಿ ನೋಡಲಾಗುವುದಿಲ್ಲ.

ಫಾರ್ಮಿನ ಜಾಗ ಸರಿಯಿದೆಯಾ ನೋಡಲು ಮಾತ್ರ ಯಂತ್ರ ಬೇಡ. ಹಳೆಯ ಹಾಳೆ, ಹೊಸ ಹಾಳೆ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಗೆರೆ ತಪ್ಪಿದ್ದು ಎದ್ದು ಕಾಣುತ್ತದೆ. ಕಾಕಾ ಕಲಿಸಿದ ಉಪಾಯ ಇದು. ಅಂಚೆಗೆ ಹೋಗುವ ಪತ್ರವಾದರೆ ಮಡಚಿ ಕಿಟಕಿ ಕವರಿಗೆ ಹಾಕಿ ನೋಡಿ. ವಿಳಾಸದ ಕೊನೆಯ ಸಾಲು, ಪಿನ್‌ಕೋಡ್, ಪೂರ್ತಿ ಕಾಣಬೇಕು.

ಬದಲಿಸುವಾಗ ಒಂದೊಂದೇ ರಿಪೋರ್ಟ್. ಜೆಸಿಎಲ್‌ನಲ್ಲಿ ಪ್ರಿಂಟ್ ಎಲ್ಲಿಗೆ ಹೋಗಬೇಕು ಎಂದು ಹೇಳುವ ಸಾಲನ್ನು ಮಾತ್ರ ತಿದ್ದಿ. ತೊಂದರೆಯಾದರೆ ಐದು ನಿಮಿಷದಲ್ಲಿ ಹಳೆಯ ದಾರಿಗೆ ತಿರುಗಿಸಬಹುದು. ತಿಂಗಳ ಮೊದಲ ವಾರ ಬೇಡ, ಮಾರ್ಚ್ ಬೇಡವೇ ಬೇಡ, ದೀಪಾವಳಿ ಲಕ್ಷ್ಮೀಪೂಜೆಯ ವಾರವೂ ಬೇಡ. ತಿಂಗಳ ನಡುವಿನ ಮಂಗಳವಾರ, ಬುಧವಾರ ಒಳ್ಳೆಯದು.

ಹೆಜ್ಜೆ 8: ಹಳೆಯ ಕಾಗದ, ಹಳೆಯ ಲೈಸೆನ್ಸ್

ಹೊಸದು ಓಡುತ್ತಿದೆ ಅಂತ ಹಳೆಯದನ್ನು ಅಳಿಸಬೇಡಿ. ಐದು ವರ್ಷದ ಹಿಂದಿನ ಎಎಫ್‌ಪಿ ಫೈಲ್ ತನ್ನೊಳಗೆ ಫಾಂಟನ್ನೂ ಫಾರ್ಮನ್ನೂ ಇಟ್ಟುಕೊಂಡಿರುವುದು ಕಡಿಮೆ; ಅದು ಬರೀ ಹೆಸರು ಹೇಳುತ್ತದೆ, ಚಿತ್ರ ಬೇರೆ ಲೈಬ್ರರಿಯಲ್ಲಿ ಇರುತ್ತದೆ. ಲೈಬ್ರರಿ ಹೋದರೆ ಹಳೆಯ ಸ್ಟೇಟ್‌ಮೆಂಟ್ ಬರೀ ಅಂಕಿಗಳ ರಾಶಿ.

ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕಟ್ಟುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳಿಗೆ 8 ಹಣಕಾಸು ವರ್ಷ. ಕೋರ್ಟಿನಲ್ಲಿ ತಕರಾರು ಇರುವುದು ಇನ್ನೂ ಹೆಚ್ಚು. ಹಾಗಾಗಿ ಇಡಬೇಕಾದ ಹಳೆಯ ಫೈಲುಗಳನ್ನು, ಹಳೆಯ ಸಾಫ್ಟ್‌ವೇರ್ ಇನ್ನೂ ಜೀವಂತ ಇರುವಾಗಲೇ, ಪಿಡಿಎಫ್/ಎಗೆ ಬದಲಿಸಿ. ದೀರ್ಘ ಕಾಲ ಇಡುವುದಕ್ಕೆಂದೇ 2005ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಒಪ್ಪಿದ ಬಗೆ ಅದು, ಫಾಂಟ್ ಒಳಗೇ ಇರುತ್ತದೆ. ಲೋಗೋ ನಡುವೆ ಬದಲಾಗಿದ್ದರೆ ಆಯಾ ದಿನದ ಓವರ್‌ಲೇ ಹಾಕಿಯೇ ಬದಲಿಸಿ. 2012ರ ಪತ್ರದ ಮೇಲೆ ಇವತ್ತಿನ ಲೋಗೋ ಬಂದರೆ ವಕೀಲರು ಬಿಡುವುದಿಲ್ಲ.

ಲೈಸೆನ್ಸ್ ನಿಲ್ಲಿಸಲು ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಎಂದು ಕರಾರು ಪತ್ರ ತೆಗೆದು ಈಗಲೇ ನೋಡಿ. ದಿನ ತಪ್ಪಿದರೆ ಇನ್ನೊಂದು ವರ್ಷದ ಬಿಲ್ ತಾನಾಗಿ ಬಂದು ಬೀಳುತ್ತದೆ. ನಾವು ಒಂದು ಮಾರ್ಚ್ 31 ದಾಟಿಸಿಕೊಂಡೇ ನಿಲ್ಲಿಸಿದೆವು. ಆ ರಾತ್ರಿ ಹನ್ನೊಂದೂವರೆಗೆ, ಹದಿಮೂರು ತಿಂಗಳ ಪಟ್ಟಿಯಲ್ಲೂ ಇರದ ಒಂದು ರಿಪೋರ್ಟ್ ಸ್ಪೂಲ್‌ಗೆ ಬಂದು ಕೂತಿತು. ಹಿಂದಿನ ವರ್ಷ ಅದನ್ನು ಓಡಿಸಲು ಮರೆತಿದ್ದರಂತೆ. ಕಾಕಾಗೆ ಫೋನ್ ಮಾಡಿದೆ. "ಅದು ತಿಳಿ ಹಸರ ಹಾಳಿ ಮ್ಯಾಲೆ ಬರಬೇಕು, ಎರಡು ಪ್ರತಿ, ಕಪಾಟಿನ ಕೆಳಗಿನ ಖಾನ್ಯಾಗ ಐತಿ ನೋಡು" ಅಂದರು. ಹಳೆಯ ಸಾಫ್ಟ್‌ವೇರಿನಲ್ಲೇ ತೆಗೆದೆವು.